ಒಂದೇ ಗ್ಲಾಸಿನ ಕೆಳಗೆ ಎರಡು ವಾಚು

ನಾನು ಕೆಡಿಸಿದ ವಾಚುಗಳ ಬಗ್ಗೆ ಬರೆಯೋಣವೆಂದು ಕೂತಿದ್ದೇನೆ. ಸರಿ ಮಾಡಿದವುಗಳ ಬಗ್ಗೆ ಬರೆದರೆ ಯಾರಿಗೂ ಉಪಯೋಗವಿಲ್ಲ, ನನ್ನ ಹೆಂಡತಿ ಅದನ್ನು ನಂಬುವುದೂ ಇಲ್ಲ.

ಹೆಸರು ಮಾಣಿಕಪ್ಪ. ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಮಾಣಿಕಪ್ಪ ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ, ಘಡಿ ಮಾಣಿಕಪ್ಪ ಎಂದರೆ ನಾನೊಬ್ಬನೇ. ತೊಗರಿ ಚೀಲಗಳ ಲಾರಿ ನಿಲ್ಲುವ ಸಾಲಿನಲ್ಲಿ, ಕಾಳು ದಲಾಲರ ಎರಡು ಅಡತಿ ಅಂಗಡಿಗಳ ನಡುವೆ ಸಿಕ್ಕಿಕೊಂಡ ಒಂದು ಗೂಡಿನಲ್ಲಿ ನಲವತ್ನಾಲ್ಕು ವರ್ಷ ಬಗ್ಗಿ ಕೂತಿದ್ದೆ. ಹೋದ ವರ್ಷ ಷಟರ್ ಎಳೆದು ಮನೆ ಸೇರಿದೆ. ಈಗ ಬೆನ್ನು ನೆಟ್ಟಗಾಗಿದೆ, ಹೊತ್ತು ಮಾತ್ರ ಹೋಗುವುದಿಲ್ಲ.

ಈ ದಂಧೆಗೆ ಹೊಸದಾಗಿ ಇಳಿದ ಹುಡುಗರು ಆಗಾಗ ಮನೆಗೆ ಬರುತ್ತಾರೆ. ಸೆಲ್ ಹಾಕುವುದು, ಬೆಲ್ಟ್ ಬದಲಿಸುವುದು ಅವರಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಅವರು ತರುವ ಪ್ರಶ್ನೆ ಒಂದೇ: "ಕಾಕಾ, ಇದು ವಿಂಟೇಜ್ ಹೌದೋ ಅಲ್ಲೋ ನೋಡಿ ಹೇಳ್ರಿ." ನಮ್ಮ ಕಾಲದಲ್ಲಿ ಈ ಶಬ್ದವೇ ಇರಲಿಲ್ಲ. ಹಳೆಯ ವಾಚಿಗೆ ಹಳೆಯ ವಾಚು ಎನ್ನುತ್ತಿದ್ದೆವು, ಅದನ್ನು ಕಟ್ಟಿಕೊಂಡವನು ನಾಚಿಕೊಂಡು ತೋಳು ಕೆಳಗೆ ಎಳೆದುಕೊಳ್ಳುತ್ತಿದ್ದ. ಈಗ ಅದೇ ವಾಚು ಕಟ್ಟಿದವನು ತೋಳು ಮಡಚಿಕೊಂಡು ತಿರುಗುತ್ತಾನೆ.

ಫೋನಿನಲ್ಲಿ ಕೇಳಿದರೆ ಉತ್ತರ ಸಿಗುತ್ತದೆಯಂತೆ. ಇಪ್ಪತ್ತೈದು ವರ್ಷ ದಾಟಿರಬೇಕು ಎನ್ನುವವರು ಕೆಲವರು, ಮೂವತ್ತು ಎನ್ನುವವರು ಕೆಲವರು. ನೂರು ದಾಟಿದರೆ ಅದು ಆಂಟಿಕ್ ಆಗಿ ಮೇಲಿನ ತರಗತಿಗೆ ಹೋಗುತ್ತದೆ. ಈ ಲೆಕ್ಕದಲ್ಲಿ ನಾನೂ ವಿಂಟೇಜೇ. ಆದರೆ ಅದರ ಕೆಳಗೆ ಇನ್ನೊಂದು ಷರತ್ತು ಇರುತ್ತದೆ: ಒಳಗಿನ ಭಾಗಗಳು ಮೂಲದವೇ ಆಗಿರಬೇಕು. ನನ್ನ ಬಾಯಲ್ಲಿ ಮೂರು ಹಲ್ಲು ಡಾಕ್ಟರು ಕೂಡಿಸಿದ್ದು. ಬಲಗಣ್ಣಿನ ಮಸೂರ ಯಾವ ಕಾರ್ಖಾನೆಯದೋ ದೇವರಿಗೇ ಗೊತ್ತು. ಹಾಗಾಗಿ ನಾನು ಆ ಪರೀಕ್ಷೆಯಲ್ಲಿ ನಪಾಸು.

ಹುಡುಗರೇ, ಆ ಷರತ್ತನ್ನು ಮುರಿದವರು ಯಾರು ಗೊತ್ತೇನು? ನಾವೇ, ರಿಪೇರಿಯವರು. ಜಿಲ್ಲೆಯ ಹಳೆಯ ವಾಚುಗಳನ್ನು ಕಳ್ಳರು ಕೆಡಿಸಿದ್ದಕ್ಕಿಂತ ಹೆಚ್ಚಾಗಿ ನಾವು ಪ್ರೀತಿಯಿಂದ ಕೆಡಿಸಿದ್ದೇವೆ. ಆಗ ಗಿರಾಕಿ ಬಂದರೆ "ನವಾ ಮಾಡಿ ಕೊಡ್ರಿ" ಎನ್ನುತ್ತಿದ್ದ. ನಾವು ಡಯಲಿಗೆ ಬಣ್ಣ ಬಳಿಸುತ್ತಿದ್ದೆವು, ಮುಳ್ಳು ಬದಲಿಸುತ್ತಿದ್ದೆವು, ಡಬ್ಬಿಯನ್ನು, ಅಂದರೆ ಹೊರಗಿನ ಲೋಹದ ಕವಚವನ್ನು, ಪಾಲಿಶ್ ಚಕ್ರಕ್ಕೆ ಹಿಡಿದು ಕನ್ನಡಿ ಮಾಡುತ್ತಿದ್ದೆವು. ಮೊನ್ನೆ ಇಂಜಿನಿಯರಿಂಗ್ ಓದುವ ಒಬ್ಬ ಹುಡುಗ ಫೋನಿನಲ್ಲಿ ತರಿಸಿದ ವಿಂಟೇಜ್ ವಾಚು ತಂದಿದ್ದ. ಮುಖ ಫಳಫಳ. ಐವತ್ತು ವರ್ಷದ ವಾಚಿನ ಮುಖದ ಮೇಲೆ ಒಂದು ಮಚ್ಚೆಯೂ ಇಲ್ಲವೆಂದರೆ ಅನುಮಾನ ಪಡಬೇಕು ಎಂದು ಹೇಳಿಕೊಟ್ಟೆ. ಡಯಲಿನ ಅಂಚಿನಲ್ಲಿ ಬಣ್ಣ ತುಳುಕಿತ್ತು, ಅಕ್ಷರಗಳು ದಪ್ಪಗಿದ್ದವು. ಅವನ ಮುಖವೂ ದಪ್ಪಗಾಯಿತು.

ನಾನೂ ಕಮ್ಮಿಯವನಲ್ಲ. ನಮ್ಮ ಪಕ್ಕದ ಅಡತಿ ಅಂಗಡಿಯ ಬಸಣ್ಣ ಸಾಹುಕಾರರು ಮಗನ ನಿಶ್ಚಯಕ್ಕೆ ಕಟ್ಟಿಕೊಳ್ಳಬೇಕೆಂದು ತಮ್ಮ ಮದುವೆಯ ವಾಚು ಕೊಟ್ಟಿದ್ದರು. ನಾನು ಉಮೇದಿನಲ್ಲಿ ಹಿಂಬದಿಯನ್ನು ಎಷ್ಟು ಉಜ್ಜಿದೆನೆಂದರೆ, ಅಲ್ಲಿ ಕೆತ್ತಿಸಿದ್ದ ಅವರ ಮಾವನ ಹೆಸರೇ ಅಳಿಸಿಹೋಯಿತು. ಹೆದರುತ್ತಲೇ ಕೈಗೆ ಕೊಟ್ಟೆ. ಅವರು ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ, "ಭಾಳ ಛಲೋ ಆಯ್ತು ಬಿಡು ಮಾಣಿಕ, ಇಷ್ಟು ವರ್ಷ ಮಾವನ್ನ ಕೈಗಿ ಕಟ್ಟಿಕೊಂಡು ಸಾಕಾಗಿತ್ತು" ಎಂದರು. ಮರುದಿನ ಬೆಳಿಗ್ಗೆ ಅವರ ಮನೆಯವರು ಅಂಗಡಿಗೆ ಬಂದರು. ಅವರು ದನಿ ತಗ್ಗಿಸಲಿಲ್ಲ. ಗಂಜಿನ ಹಮಾಲರೆಲ್ಲ ಚೀಲ ಇಳಿಸಿ ಕೇಳಿಸಿಕೊಂಡರು.

ನನಗೆ ಕೆಲಸ ಕಲಿಸಿದವರು ಖಾಜಾಮಿಯಾ ಉಸ್ತಾದರು. ತೆಳ್ಳಗಿನ ಮನುಷ್ಯ, ದೊಡ್ಡ ಕಿವಿ. ಯಾವ ವಾಚು ಬಂದರೂ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸುವ ಮೊದಲು ಕಿವಿಗೆ ಹಿಡಿಯುತ್ತಿದ್ದರು. "ಅರೇ ಮಾಣಿಕ್, ತೆರಿಲಾಕ ಏನ್ ಗಡಬಡಿ ಅದ? ಮೊದಲ ಕೇಳು. ಘಡಿ ತನ್ನ ಬೀಮಾರಿ ತಾನೇ ಹೇಳ್ತದ." ನನಗೆ ಎಲ್ಲ ವಾಚೂ ಟಿಕ್ ಟಿಕ್ ಎಂದೇ ಕೇಳುತ್ತಿದ್ದವು. ಅವರಿಗೆ ಮಾತ್ರ ಒಂದು ಕೆಮ್ಮುತ್ತಿತ್ತು, ಒಂದು ಏದುಸಿರು ಬಿಡುತ್ತಿತ್ತು, ಒಂದು ಕುಂಟುತ್ತಿತ್ತು. ಕುಂಟುವುದೆಂದರೆ, ಒಳಗಿನ ಬ್ಯಾಲೆನ್ಸ್ ಚಕ್ರ ಒಂದು ಕಡೆಗೆ ಜಾಸ್ತಿ, ಇನ್ನೊಂದು ಕಡೆಗೆ ಕಮ್ಮಿ ಹೊರಳುವುದು. ಟಿಕ್ ಆದ ಕೂಡಲೇ ಟಕ್ ಬರುವುದಿಲ್ಲ, ಒಂದು ಎಳೆ ತಡವಾಗಿ ಬರುತ್ತದೆ. ಆ ಕಿವಿ ನನಗೆ ಬರಲು ಆರು ವರ್ಷ ಹಿಡಿಯಿತು. ಈಗ ಹೇಳುವ ಪ್ರಸಂಗ ಅದಕ್ಕಿಂತ ಮುಂಚಿನದು.

ಉಸ್ತಾದರ ಅಂಗಡಿಯಲ್ಲಿ ಎರಡು ಕಟ್ಟಳೆ ಇದ್ದವು. ವಾಚು ಬಿಚ್ಚಿದಾಗ ಗಿರಾಕಿಯ ತಾಲೂಕಿನ ಮೊದಲ ಅಕ್ಷರವನ್ನು ಸೂಜಿಯಿಂದ ಎರಡು ಕಡೆ ಗೀರಬೇಕು, ಹಿಂಬದಿ ಮುಚ್ಚಳದ ಒಳಗೊಮ್ಮೆ, ಡಯಲಿನ ಬೆನ್ನಿಗೊಮ್ಮೆ. ಬಿಚ್ಚಿದ ಯಂತ್ರವನ್ನು ಗಾಜಿನ ಚಾ ಗ್ಲಾಸು ಬೋರಲು ಹಾಕಿ ಮುಚ್ಚಬೇಕು, ಒಂದು ಗ್ಲಾಸಿಗೆ ಒಂದೇ ವಾಚು. ಗಂಜಿನ ಗಾಳಿಯಲ್ಲಿ ತೊಗರಿ ಹೊಟ್ಟು ಸದಾ ಹಾರುತ್ತಿರುತ್ತದೆ, ಅದಕ್ಕೆ ಗ್ಲಾಸು.

ಒಂದು ದಿನ ಉಸ್ತಾದರು ಮದುವೆಗೆ ಹೋಗಿದ್ದರು. ನನ್ನ ಮುಂದೆ ಎರಡು ವಾಚು. ಎರಡೂ ಒಂದೇ ಕಂಪನಿಯವು, ಒಂದೇ ನಮೂನೆಯವು, ಬಿಳಿ ಡಯಲಿನ ಚಾವಿ ವಾಚುಗಳು. ಆಗ ಅರ್ಧ ಜಿಲ್ಲೆಯ ಕೈಯಲ್ಲಿ ಅದೇ ವಾಚು ಇತ್ತು. ಒಂದು ಔರಾದ ಕಡೆಯ ಡಾಬಕಾದ ಧೋಂಡಿಬಾ ಮಾಸ್ತರರದು, ಅವರು ಕೊಟ್ಟು ಹೋಗಿ ವಾರವಾಗಿತ್ತು. ಇನ್ನೊಂದು ಭಾಲ್ಕಿಯ ತೊಗರಿ ವ್ಯಾಪಾರಿ ವೀರಶೆಟ್ಟಿಯವರದು. ಅವರು ನನ್ನ ಎದುರಿಗೇ ಸ್ಟೂಲಿನ ಮೇಲೆ ಕೂತು, ನನ್ನ ಕೈಯನ್ನೇ ನೋಡುತ್ತಿದ್ದರು. ಎರಡನ್ನೂ ಪೆಟ್ರೋಲಿನಲ್ಲಿ ತೊಳೆದು, ಎಣ್ಣೆ ಹಾಕಿ, ಡಯಲು ಕೂಡಿಸಿ, ಎರಡು ಗ್ಲಾಸಿನ ಕೆಳಗೆ ಇಟ್ಟಿದ್ದೆ. ಇನ್ನು ಡಬ್ಬಿಗೆ ಸೇರಿಸುವುದಷ್ಟೇ ಬಾಕಿ.

"ಏನ್ ತಮ್ಮಾ, ಭಾಲ್ಕಿಯಿಂದ ಬಂದೀವಿ, ಒಂದು ಚಾನೂ ಕುಡಸಂಗಿಲ್ಲೇನು?" ಎಂದರು ವೀರಶೆಟ್ಟಿ.

ಚಾದವನು ಕೆಟಲಿ ಹಿಡಿದು ಬಂದ, ಅವನ ಹತ್ತಿರ ಗ್ಲಾಸು ಮುಗಿದಿದ್ದವು. ದೊಡ್ಡ ಗಿರಾಕಿ, ಮರ್ಯಾದೆಯ ಪ್ರಶ್ನೆ. ನಾನು ಒಂದು ಗ್ಲಾಸು ಎತ್ತಿ, ಅದರ ಕೆಳಗಿನ ವಾಚನ್ನು ಇನ್ನೊಂದರ ಪಕ್ಕಕ್ಕೆ ಸರಿಸಿ, ಎರಡನ್ನೂ ಒಂದೇ ಗ್ಲಾಸಿನಿಂದ ಮುಚ್ಚಿದೆ. ಖಾಲಿಯಾದ ಗ್ಲಾಸು ತೊಳೆದು ಚಾ ಕೊಟ್ಟೆ. ಅವರು ಚಾ ಕುಡಿದು, ತೊಗರಿಯ ಸುದ್ದಿ, ಮಳೆಯ ಸುದ್ದಿ, ಬೀಗರ ಸುದ್ದಿ ಎಲ್ಲ ಹೇಳಿ, ಬಸ್ಸಿನ ಹೊತ್ತಾಯಿತೆಂದು ಎದ್ದರು. ಎಡಗಡೆಯದು ಭಾಲ್ಕಿ, ಬಲಗಡೆಯದು ಔರಾದ ಎಂದು ನನಗೆ ಗಟ್ಟಿ ನೆನಪಿತ್ತು. ಡಯಲಿನ ಬೆನ್ನಿನ ಅಕ್ಷರ ನೋಡಬೇಕೆಂದರೆ ಮುಳ್ಳು ಕೀಳಬೇಕು, ಡಯಲು ಬಿಚ್ಚಬೇಕು. ಬಸ್ಸು ತಪ್ಪುತ್ತದೆ. ಎಡಗಡೆಯದನ್ನು ಭಾಲ್ಕಿಯ ಡಬ್ಬಿಗೆ ಹಾಕಿ ಕೊಟ್ಟುಬಿಟ್ಟೆ.

ಆ ಗಟ್ಟಿ ನೆನಪು ಸುಳ್ಳೆಂದು ನನಗೆ ತಿಳಿದದ್ದು ನಲವತ್ತು ವರ್ಷವಾದ ಮೇಲೆ.

ಎರಡು ತಿಂಗಳಿಗೆ ವೀರಶೆಟ್ಟಿ ಗಂಜಿಗೆ ಬಂದಾಗ, ವಾಚು ನಡುನಡುವೆ ನಿಲ್ಲುತ್ತದೆ ಎಂದರು. ನಾನು ಕಿವಿಗೆ ಹಿಡಿದೆ, ಚೆನ್ನಾಗಿಯೇ ಕೇಳಿತು. "ಏನೂ ಇಲ್ರಿ, ನಿಂತಾಗ ಜರಾ ಕೈ ಝಾಡಿಸ್ರಿ, ನಡೀತದ" ಎಂದೆ. ಅವರು ಒಪ್ಪಿಕೊಂಡು ಹೋದರು. ಮತ್ತೆ ಆ ವಾಚು ತರಲೇ ಇಲ್ಲ. ನನ್ನ ಔಷಧಿ ಫಲಿಸಿತೆಂದು ಹಿಗ್ಗಿದೆ.

ಮಾಸ್ತರರು ತಮ್ಮ ವಾಚಿಗೆ ಬರಲಿಲ್ಲ. ಒಂದು ತಿಂಗಳ ಮೇಲೆ ಅವರ ಮನೆಯವರು ಕಮಲಾಬಾಯಿ ಬಂದರು. ಔರಾದ ದವಾಖಾನೆಯಲ್ಲಿ ಸಿಸ್ಟರ್, ಆಗ ಇನ್ನೂ ಚಿಕ್ಕ ವಯಸ್ಸು. ಮಾಸ್ತರರು ಶಾಲೆಯಲ್ಲಿ ಪಾಠ ಹೇಳುತ್ತಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದರು. ಆಕೆ ವಾಚನ್ನು ಕಿವಿಗೆ ಹಿಡಿದು ಬಹಳ ಹೊತ್ತು ಕೇಳಿದರು, ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಕೆಲಸ ಅಷ್ಟು ಚೆನ್ನಾಗಿ ಆಗಿದೆ ಎಂದು ನಾನು ತಿಳಿದೆ. ಮೂರ್ಖತನಕ್ಕೂ ಒಂದು ವಯಸ್ಸಿರುತ್ತದೆ, ನನಗೆ ಅದು ಬಹಳ ವರ್ಷ ಇತ್ತು.

ಮುಂದೆ ಸೆಲ್ಲಿನ ವಾಚು ಬಂದವು. ಕಿವಿಗೆ ಹಿಡಿದರೆ ಏನೂ ಹೇಳವು, ಕೆಟ್ಟರೆ ಇಡೀ ಯಂತ್ರ ಕಿತ್ತು ಹೊಸದು ಹಾಕುವುದು. ಉಸ್ತಾದರು ಮೊದಲ ಸೆಲ್ ವಾಚನ್ನು ಕಿವಿಗೆ ಹಿಡಿದು, "ಇದು ಮುರ್ದಾ ಅದ" ಎಂದು ಹೆಣ ಇಳಿಸುವ ಹಾಗೆ ಕೆಳಗಿಟ್ಟರು. ಅವರು ಹೋದ ಮೇಲೆ ಅಂಗಡಿ ನನಗೆ ಬಂತು. ಆಮೇಲೆ ಫೋನು ಬಂತು, ಮಂದಿ ಕೈಯಲ್ಲಿ ವಾಚು ಕಟ್ಟುವುದೇ ಬಿಟ್ಟರು. ನನ್ನ ಕಣ್ಣಿನ ಆಪರೇಷನ್ನೂ ಆಯಿತು, ಷಟರ್ ಎಳೆದೆ.

ಅಂಗಡಿ ಮುಚ್ಚಿದ ಎರಡನೇ ತಿಂಗಳಿಗೆ ಕಮಲಾಬಾಯಿ ಮನೆ ಹುಡುಕಿಕೊಂಡು ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು, ನಡಿಗೆ ಮಾತ್ರ ಇನ್ನೂ ಡ್ಯೂಟಿಯಲ್ಲಿರುವ ಸಿಸ್ಟರಮ್ಮನದು. ಜೊತೆಗೆ ಮೊಮ್ಮಗಳು ಪ್ರಜ್ಞಾ.

"ಅಣ್ಣಾ, ಇಕಿ ನರ್ಸಿಂಗ್ ಸೇರ್ಯಾಳ. ಮುತ್ಯಾನ ವಾಚ್ ನನಗ ಬೇಕು ಅಂತಾಳ. ಕೊಡ್ತೇನಿ. ಖರೆ ನೀವು ಒಂದು ಚೀಟಿ ಬರದು ಕೊಡ್ರಿ. ಇದು ಅವರದೇ ವಾಚ್ ಅದ, ಒಳಗಿಂದು ಏನೂ ಬದಲಾಗಿಲ್ಲ ಅಂತ. ನಾಳಿ ನಾ ಇಲ್ಲದಾಗ ಯಾರೂ ಹಳಿ ಸಾಮಾನು ಅಂತ ಒಗಿಬಾರ್ದು."

"ಆಯಿ, ಇದಕ ವಿಂಟೇಜ್ ಅಂತಾರ, ಯಾರ್ ಒಗಿತಾರ?" ಎಂದಳು ಪ್ರಜ್ಞಾ. "ಕಾಕಾ, ಒರಿಜಿನಲ್ ಅದ ಅಂತ ನಿಮ್ಮ ಕೈಲಿಂದ ಬರದ್ರ ಸಾಕ್ರಿ."

ವಾಚಿನ ಡಯಲು ಕೆನೆ ಬಣ್ಣಕ್ಕೆ ತಿರುಗಿತ್ತು, ಯಾರೂ ಬಣ್ಣ ಬಳಿದಿರಲಿಲ್ಲ. ಔರಾದಿನಲ್ಲಿ ಯಾರೋ ಆಗಾಗ ಎಣ್ಣೆ ಹಾಕಿದ್ದರು, ಅಷ್ಟೇ. ಕೊಂಡಾಡುತ್ತಲೇ ಬಿಚ್ಚಿದೆ. ಮುಚ್ಚಳದ ಒಳಗೆ ನನ್ನದೇ ಕೈಯ 'ಔ'. ಹುಡುಗಿ ನೋಡುತ್ತಿದ್ದಾಳೆ, ಸ್ವಲ್ಪ ವಿದ್ಯೆ ತೋರಿಸೋಣವೆಂದು ಮುಳ್ಳು ಕಿತ್ತು ಡಯಲು ಮಗುಚಿದೆ. ಅಲ್ಲಿ 'ಭಾ'.

ಭೂತಗನ್ನಡಿ ಒರೆಸಿ ಮತ್ತೆ ನೋಡಿದೆ. 'ಭಾ'ವೇ. ಆ ಚಾ, ಆ ಕೆಟಲಿ, ಆ ಗ್ಲಾಸು ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. ಡಬ್ಬಿಯೊಂದೇ ಮಾಸ್ತರರದು. ಒಳಗಿನ ಜೀವವೆಲ್ಲ ಭಾಲ್ಕಿಯ ತೊಗರಿ ವ್ಯಾಪಾರಿಯದು.

ಡಯಲು ಕೂಡಿಸಿ, ಚೀಟಿ ಬರೆದು ಕೊಟ್ಟರೆ ಮುಗಿಯುತ್ತಿತ್ತು. ಇಡೀ ಲೋಕದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೆನ್ನು ಕೈಗೆ ತಗೊಂಡದ್ದೂ ಖರೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು, ಜ್ವರದವನನ್ನು ನೋಡುವ ಹಾಗೆ. ಪೆನ್ನು ಕೆಳಗಿಟ್ಟು ನಡೆದದ್ದನ್ನೆಲ್ಲ ಹೇಳಿದೆ.

ಬೈಯುತ್ತಾರೆಂದು ತಲೆ ಬಗ್ಗಿಸಿದ್ದೆ. ಆಕೆ ಮಗುಚಿದ ಡಯಲಿನ ಮೇಲೆ ಬೆರಳಿಟ್ಟರು.

"ಅವರ ವಾಚ್ ಕುಂಟತಿತ್ರಿ" ಎಂದರು. "ಟಿಕ್ ಅಂದು, ಜರಾ ತಡದು, ಟಕ್ ಅಂತಿತ್ತು. ಮಧ್ಯಾಹ್ನ ಉಂಡು ಅಡ್ಡಾದಾಗ ಕೈ ತಲಿ ಕೆಳಗ ಇಟ್ಕೋತಿದ್ರು, ನಾ ಪಕ್ಕದಾಗ ಕೂತು ಕೇಳ್ತಿದ್ದೆ. ನಿಮ್ಮ ಅಂಗಡಿಯಿಂದ ತಂದ ಮ್ಯಾಲ ಅದು ನೆಟ್ಟಗ ನಡಿಲಾಕತ್ತು. ವಾಚ್ ಅದೇ ಅದ, ನನ್ನ ಕಿವೀನೇ ಕೆಟ್ಟದ, ದುಃಖಕ್ಕ ಹಿಂಗಾಗ್ಯಾದ ಅಂತ ತಿಳ್ಕೊಂಡೆ. ಕೈಗಿ ಕಟ್ಟಿ ಡ್ಯೂಟಿ ಮಾಡೀನಿ. ಖರೆ ಅವತ್ತಿನಿಂದ ಇವತ್ತಿನ ತನಕ ಕಿವಿಗಿ ಹಚ್ಚಿಲ್ರಿ."

ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಒಂದು ಗ್ಲಾಸು ಚಾಕ್ಕೆ ಈ ತಾಯಿಯ ನಲವತ್ತು ವರ್ಷದ ಸದ್ದು ಕಸಿದುಕೊಂಡಿದ್ದೆ.

"ಭಾಲ್ಕಿಗಿ ಹೋಗೋಣ ನಡೀರಿ" ಎಂದೆ.

ಮರುದಿನ ನನ್ನ ಸಾಮಾನಿನ ಪೆಟ್ಟಿಗೆ ಹಿಡಿದುಕೊಂಡು ಮೂವರೂ ಬಸ್ಸು ಹತ್ತಿದೆವು. ವೀರಶೆಟ್ಟಿಯವರು ಇದ್ದಾರೋ ಇಲ್ಲವೋ, ವಾಚು ಇದೆಯೋ ಗುಜರಿಗೆ ಹೋಗಿದೆಯೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ. ಇದ್ದರು. ಎಂಬತ್ತರ ಹತ್ತಿರ, ಹಣೆ ತುಂಬ ವಿಭೂತಿ, ಪಡಸಾಲೆಯ ಮಂಚದ ಮೇಲೆ ಗಟ್ಟಿಯಾಗಿ ಕೂತಿದ್ದರು. "ಶರಣ್ರಿ ಶರಣ್ರಿ, ಬರ್ರಿ" ಎಂದು ಬರಮಾಡಿಕೊಂಡರು. ವಾಚಿನ ಹೆಸರೆತ್ತಿದ ಕೂಡಲೇ ತಾವೇ ಎದ್ದು ಕಪಾಟಿನಿಂದ ತಂದರು.

"ನೋಡ್ ಮಾಣಿಕಪ್ಪ, ವಿಂಟೇಜ್ ಅಂದ್ರ ಇದು! ನೀ ಕೊಟ್ಟ ಮ್ಯಾಲ ಒಬ್ಬರಿಗೂ ಇದರ ಬೆನ್ನ ತೆರಿಲಾಕ ಕೊಟ್ಟಿಲ್ಲ. ಭಾಳ ಪಾಯಿಗುಣದ ವಾಚ್. ನೀ ಹೇಳಿದ್ದಿ ನೋಡು, ನಿಂತ್ರ ಕೈ ಝಾಡಿಸ್ರಿ ಅಂತ? ಒಮ್ಮಿ ಲಿಲಾವಿನಾಗ ನಿಂತಿದ್ದೆ, ವಾಚ್ ನಿಂತಿತು, ಕೈ ಝಾಡಿಸಿದೆ. ಲಿಲಾವು ಕೂಗಾವ ನಾ ಸವಾಲು ಏರಿಸೀನಿ ಅಂತ ತಿಳ್ಕೊಂಡು ಇಡೀ ತೊಗರಿ ರಾಶಿ ನನ್ನ ಹೆಸರಿಗಿ ಬಿಟ್ಟ! ಹದಿನೈದು ದಿನಕ್ಕ ತೊಗರಿ ಧಾರಣಿ ಏರ್ತು. ಅವತ್ತಿನಿಂದ ಇದು ನನ್ನ ಲಕ್ಷ್ಮಿ."

ಆ ಲಕ್ಷ್ಮಿ ನಿಂತು ಹದಿನೈದು ವರ್ಷವಾಗಿತ್ತಂತೆ. ನಾನು ವಿಷಯ ಹೇಳಿದೆ. ಅವರ ಮುಖ ಗಂಟಿಕ್ಕಿತು.

"ಏನ್ ಮಾತಾಡ್ತಿ? ತಪ್ಪು ನಿಂದು, ಲಕ್ಷ್ಮಿ ನಾ ಕೊಡಬೇಕಾ? ಸಾಧ್ಯ ಇಲ್ಲ."

ನಾನು ಕೈ ಮುಗಿದೆ, ಹಲ್ಲು ಗಿಂಜಿದೆ, ನಡೆಯಲಿಲ್ಲ. ಆಗ ಕಮಲಾಬಾಯಿ ಕುರ್ಚಿ ಹತ್ತಿರ ಎಳೆದುಕೊಂಡರು.

"ಸಾಹುಕಾರ್ರೇ, ನಿಮ್ಮ ವಾಚ್ ನನ್ನ ಹತ್ರ ಇತ್ತು. ಅದು ಏನ್ ಕೆಲಸ ಮಾಡ್ಯಾದ ಕೇಳಂಗಿಲ್ಲೇನ್ರಿ? ಔರಾದ ತಾಲೂಕದಾಗ ಎಷ್ಟು ಕೂಸು ಹಡಿಸೀನಿ, ಅವೆಲ್ಲ ಹುಟ್ಟಿದ ಟೈಮ್ ನಿಮ್ಮ ವಾಚ್ ನೋಡೇ ಬರದೀನ್ರಿ. ಒಂದು ದಿನ ನಿಂತಿಲ್ಲ. ಒಂದು ನಾಡಿ ತಪ್ಪಿಲ್ಲ."

ವೀರಶೆಟ್ಟಿ ಸೆಟೆದು ಕೂತರು. "ನನ್ನ ವಾಚ್ ಮ್ಯಾಲ?"

"ನಿಮ್ಮದೇ ರಿ."

"ಅಷ್ಟೂ ಕೂಸು?"

"ಅದರಾಗ ಈಗ ಡಾಕ್ಟರ್ ಆದವ್ರು ಸೈತ ಅದಾರ್ರಿ."

ಅವರು ಒಳಗೆ ತಿರುಗಿ, "ಏಯ್, ಕೇಳ್ದೇನಿಲ್ಲಿ? ನನ್ನ ವಾಚ್ ಡಾಕ್ಟರ್‌ಗೋಳಿಗಿ ಹುಟ್ಟಿಸ್ಯಾದಂತ!" ಎಂದು ಕೂಗಿದರು. ಒಳಗಿನಿಂದ, "ಮೊದಲ ಅದು ತಗೋರಿ, ಆ ಕೈ ಝಾಡಿಸೋದು ನೋಡಿ ನನಗ ಸಾಕಾಗ್ಯಾದ" ಎಂದು ಅವರ ಮನೆಯವರ ಉತ್ತರ ಬಂತು. ಲಕ್ಷ್ಮಿ ನನ್ನ ಕೈಗೆ ಬಂದಳು.

ಎರಡು ಗ್ಲಾಸು ಕೇಳಿದೆ. ಚಾ ಬೇಡವೆಂದೆ. ಅವರ ಮಂಚದ ಮುಂದೆ ಬಿಳಿ ಬಟ್ಟೆ ಹಾಸಿ ಕೂತು, ಮಾಸ್ತರರ ಯಂತ್ರವನ್ನು ಬಿಚ್ಚಿ, ಹಳೆಯ ಜಿಡ್ಡು ತೊಳೆದು, ಎಣ್ಣೆ ಹಾಕಿದೆ. ಡಯಲಿನ ಬೆನ್ನಿಗೆ 'ಔ' ಇತ್ತು. ಅದನ್ನು ಕಮಲಾಬಾಯಿಗೆ ತೋರಿಸಿದೆ, ವೀರಶೆಟ್ಟಿಗೂ ತೋರಿಸಿದೆ, ನಾನೂ ಮೂರು ಸಲ ನೋಡಿಕೊಂಡೆ. ಚಾವಿ ಕೊಟ್ಟು ಕೈಯನ್ನು ಸ್ವಲ್ಪ ಅಲುಗಿಸಿದೆ. ಬ್ಯಾಲೆನ್ಸ್ ಚಕ್ರ ಹೊರಳಿತು. ಕಿವಿಗೆ ಹಿಡಿದೆ. ಟಿಕ್, ಒಂದು ಎಳೆ ತಡ, ಟಕ್. ಕುಂಟುತ್ತಿತ್ತು.

ಹುಡುಗರೇ, ನನ್ನ ಕೈ ತುರಿಸಿದ್ದು ನಿಮಗೆ ಹೇಗೆ ಹೇಳಲಿ! ಹೇರ್ ಸ್ಪ್ರಿಂಗಿನ ಬುಡವನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ನೆಟ್ಟಗಾಗುತ್ತದೆ. ಐದು ನಿಮಿಷದ ಕೆಲಸ. ಹೀಗೆ ಕುಂಟುವ ವಾಚನ್ನು ಯಾವತ್ತೂ ನನ್ನ ಮೇಜಿನಿಂದ ಇಳಿಯಗೊಟ್ಟವನಲ್ಲ. ಚಿಮಟ ತಾನಾಗಿ ಆ ಕಡೆ ಹೋಯಿತು. ಅದನ್ನು ಪೆಟ್ಟಿಗೆಯೊಳಗೆ ಹಾಕಿ ಮುಚ್ಚಳ ಬಡಿದೆ. ಭಾಲ್ಕಿಯ ಯಂತ್ರವನ್ನು ಭಾಲ್ಕಿಯ ಡಬ್ಬಿಗೆ ಸೇರಿಸಿ ವೀರಶೆಟ್ಟಿಯವರಿಗೆ ಕೊಟ್ಟೆ, ಕುಂಟುವ ಯಂತ್ರವನ್ನು ಹಾಗೆಯೇ ಅದರ ಡಬ್ಬಿಗೆ ಕೂಡಿಸಿ ಆಕೆಯ ಕೈಗೆ ಕೊಟ್ಟೆ.

ಕಮಲಾಬಾಯಿ ಅದನ್ನು ಎಡಕಿವಿಗೆ ಹಿಡಿದರು. ಬಲಕಿವಿಗೆ ಹಿಡಿದರು. ಮುಖ ಸಣ್ಣಗಾಯಿತು.

"ನನಗ ಕೇಳಸಂಗಿಲ್ಲಣ್ಣ" ಎಂದರು. "ಕಿವಿ ಈಗ ಖರೇನೇ ಮಂದ ಆಗ್ಯಾವ."

ಅಷ್ಟು ದೂರ ಬಂದು, ಅಷ್ಟು ಕಾದು, ಇದೇನಾಯಿತೆಂದು ನನಗೆ ಅಳುವೇ ಬಂತು. ಪ್ರಜ್ಞಾ ಮಾತ್ರ ತನ್ನ ಬ್ಯಾಗಿನ ಜಿಪ್ಪು ಎಳೆದಳು. ಕಾಲೇಜಿಗೆಂದು ಕೊಂಡ ಹೊಸ ಸ್ಟೆತಾಸ್ಕೋಪು ತೆಗೆದು ಅಜ್ಜಿಯ ಕಿವಿಗಳಿಗೆ ಸಿಕ್ಕಿಸಿ, ಅದರ ತಟ್ಟೆಯನ್ನು ವಾಚಿನ ಬೆನ್ನಿಗೆ ಒತ್ತಿ ಹಿಡಿದಳು.

ಸಿಸ್ಟರಮ್ಮ ಕಣ್ಣು ಮುಚ್ಚಿ ಕೇಳಿದರು. ರೋಗಿಯ ಎದೆ ಕೇಳುವವರ ಹಾಗೆ ಹುಬ್ಬು ಕೂಡಿದ್ದವು. ಮೆಲ್ಲಗೆ ಹುಬ್ಬು ಸಡಿಲಾದವು. ಕೆನ್ನೆಯ ಮೇಲೆ ನೀರು ಇಳಿಯಿತು, ಬಾಯಿ ಮಾತ್ರ ನಗುತ್ತಿತ್ತು.

"ಕುಂಟಲಾಕತ್ತದ" ಎಂದರು. "ಪ್ರಜ್ಞಾ, ನಿಮ್ಮ ಮುತ್ಯಾಂದೇ ಅದ. ಕುಂಟಲಾಕತ್ತದ."

ವೀರಶೆಟ್ಟಿ ಆ ಕಡೆ ಮುಖ ಮಾಡಿ ಮೂಗು ಸೀಟಿದರು. ನಾನು ಅತ್ತೆ, ನಾಚಿಕೆ ಇಲ್ಲದೆ ಅತ್ತೆ. ನಲವತ್ನಾಲ್ಕು ವರ್ಷದಲ್ಲಿ ಅಂಥ ಸಂತೋಷ ನನಗೆ ಯಾವ ವಾಚಿನಿಂದಲೂ ಆಗಿರಲಿಲ್ಲ.

ಹೊರಡುವಾಗ ಪ್ರಜ್ಞಾ ನೋಟ್‌ಬುಕ್ಕಿನ ಹಾಳೆ ಹರಿದು ಮುಂದೆ ಹಿಡಿದಳು. "ಕಾಕಾ, ಈಗರೆ ಬರೀರಿ. ವಿಂಟೇಜ್ ಅಂತ ಬರೀರಿ."

ಆ ಶಬ್ದ ಬರೆಯಲಿಲ್ಲ. ವೀರಶೆಟ್ಟಿಯವರ ಪೆನ್ನು ಇಸಿದುಕೊಂಡು ಇಷ್ಟು ಬರೆದು ಸಹಿ ಮಾಡಿದೆ:

"ಇದು ಡಾಬಕಾದ ಧೋಂಡಿಬಾ ಮಾಸ್ತರರ ವಾಚು. ಕುಂಟುತ್ತದೆ. ಯಾರೂ ಸರಿ ಮಾಡಬಾರದು. ಮಾಣಿಕಪ್ಪ, ವಾಚ್ ರಿಪೇರಿ, ಗಾಂಧಿ ಗಂಜ್, ಬೀದರ."